ಕುಪ್ಪುಸ್ವಾಮಿಯವರ ಅಳತೆಗೋಲು ಮತ್ತು ಮನಃಶಾಸ್ತ್ರದ ಪದವಿ

ಪ್ಲಸ್ ಟೂ ಫಲಿತಾಂಶ ಬಂದ ವಾರದಲ್ಲಿ ಚೆನ್ನೈಯ ಯಾವ ಕನ್ನಡ ಮನೆಗೆ ಹೋದರೂ ಮಾತು ಕಾಲೇಜಿನ ಕಡೆಗೇ ತಿರುಗುತ್ತದೆ. ಮಗಳು ಇಂಜಿನಿಯರಿಂಗ್ ಎಂದರೆ ಚರ್ಚೆ ಕಾಲೇಜಿನ ಹೆಸರಿನ ಬಗ್ಗೆ ಮಾತ್ರ. ಮನಃಶಾಸ್ತ್ರ ಎಂದಳೋ, ತಂದೆ ಒಂದು ಕ್ಷಣ ಸುಮ್ಮನಿದ್ದು, "ಓದಿ ಏನಾಗ್ತೀಯಮ್ಮ?" ಎಂದು ಕೇಳುತ್ತಾರೆ. ಈ ಪ್ರಶ್ನೆಯಲ್ಲಿ ತಾತ್ಸಾರವಿಲ್ಲ. ಊರಿನ ಜಮೀನು ಬಿಟ್ಟು ಸಂಬಳವನ್ನೇ ನಂಬಿ ಪರಸ್ಥಳದಲ್ಲಿ ನೆಲೆಸಿದ ಕುಟುಂಬದ ಲೆಕ್ಕಾಚಾರ ಅದು. ಮೈಸೂರು ಮತ್ತು ಮದರಾಸಿನಲ್ಲಿ ಈ ಶಾಸ್ತ್ರ ಬೇರೂರಿದ ಕಥೆಯನ್ನು ನೋಡಿದರೆ, ಆ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ದೊರೆತದ್ದು ಕಾಣುತ್ತದೆ.

ದಕ್ಷಿಣದಲ್ಲಿ ಮನಃಶಾಸ್ತ್ರಕ್ಕೆ ಮೊದಲು ಪ್ರತ್ಯೇಕ ವಿಭಾಗವನ್ನು ಕೊಟ್ಟದ್ದು ಮೈಸೂರು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಸಂಶೋಧನೆ ಮಾಡಿ ಮರಳಿದ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಅದನ್ನು ಆರಂಭಿಸಿದರು. ಇದೇ ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ನಾಡಿಗೆಲ್ಲ ಹಬ್ಬಿದ್ದು ಅಲ್ಲಿಂದ. ಗುರುಗಳ ಆಸಕ್ತಿಗಳು ಇಷ್ಟು ವಿಶಾಲವಾಗಿದ್ದರೂ ಶಿಷ್ಯರಿಗೆ ತೆರೆದಿದ್ದ ದಾರಿ ಕಿರಿದು. ಅಂದು ಮನಃಶಾಸ್ತ್ರ ಓದಿದವರು ಮುಖ್ಯವಾಗಿ ಮನಃಶಾಸ್ತ್ರದ, ಇಲ್ಲವೇ ತತ್ತ್ವಶಾಸ್ತ್ರದ ಅಧ್ಯಾಪಕರಾಗಬೇಕಿತ್ತು.

ಮದರಾಸು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾದದ್ದು 1943ರಲ್ಲಿ, ಜಿ.ಡಿ. ಬೋವಾಜ್ ಅವರ ನೇತೃತ್ವದಲ್ಲಿ. ಅದು ಯುದ್ಧದ ಕಾಲ. ಅದೇ ವರ್ಷ ಡೆಹರಾಡೂನಿನಲ್ಲಿ ಸೈನ್ಯದ ಅಧಿಕಾರಿಗಳನ್ನು ಮನೋವೈಜ್ಞಾನಿಕ ಪರೀಕ್ಷೆಗಳಿಂದ ಆರಿಸುವ ಮಂಡಲಿಯ ಪ್ರಯೋಗವೂ ನಡೆಯಿತು. ಹೀಗೆ ಪಾಠ ಹೇಳುವುದಲ್ಲದೆ, ಮನುಷ್ಯರನ್ನು ಅಳೆದು ಆರಿಸುವ ಕೆಲಸವೂ ಈ ಓದಿಗೆ ಸಿಕ್ಕಿತು.

ಮತ್ತೊಂದು ಬಾಗಿಲು ತೆರೆಯುವ ಮಾತನ್ನು ಆಡಿದವರು ಮದರಾಸಿನವರೇ. ಆಗ ಮದರಾಸು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎ. ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗ 1953ರಲ್ಲಿ ವರದಿ ಸಲ್ಲಿಸಿತು. ಶಾಲೆಗಳಲ್ಲಿ ತರಬೇತಿ ಪಡೆದ ಮಾರ್ಗದರ್ಶನಾಧಿಕಾರಿಗಳೂ ವೃತ್ತಿ ಸಲಹೆ ನೀಡುವ ಉಪಾಧ್ಯಾಯರೂ ಇರಬೇಕೆಂದು ಅದು ಶಿಫಾರಸು ಮಾಡಿತು. ಅದು ಪೂರ್ಣವಾಗಿ ಜಾರಿಯಾಗಿದ್ದರೆ ನಾಡಿನ ಪ್ರೌಢಶಾಲೆಗಳಷ್ಟೇ ಸಂಖ್ಯೆಯ ಹುದ್ದೆಗಳು ಹುಟ್ಟುತ್ತಿದ್ದವು. ಶಿಫಾರಸು ಉಳಿಯಿತು, ಹುದ್ದೆಗಳು ಬರಲಿಲ್ಲ. ಎಪ್ಪತ್ತು ವರ್ಷಗಳ ಬಳಿಕವೂ ಎಷ್ಟೋ ಶಾಲೆಗಳಲ್ಲಿ ಆಪ್ತಸಲಹೆಯ ಕೆಲಸ ಬೇರೆ ಪಾಠದ ಉಪಾಧ್ಯಾಯರ ಹೆಗಲ ಮೇಲೆಯೇ ಇದೆ.

ಹುದ್ದೆಯನ್ನೂ ತರಬೇತಿಯನ್ನೂ ಒಟ್ಟಿಗೆ ಕಟ್ಟಿದ್ದು ಬೆಂಗಳೂರು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮುಂದೆ 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಸ್ನಾತಕೋತ್ತರ ಪದವಿ ಪಡೆದವರಿಗೆ ಆಸ್ಪತ್ರೆಯಲ್ಲಿ, ರೋಗಿಗಳ ನಡುವೆ, ಅಲ್ಲಿ ತರಬೇತಿ ನೀಡಲಾಯಿತು. ಚಿಕಿತ್ಸಾ ಮನಃಶಾಸ್ತ್ರ ಒಂದು ವೃತ್ತಿಯಾಗಿ ನಿಂತದ್ದು ಹೀಗೆ. ಆದರೆ ಅದರೊಂದಿಗೇ ಏಣಿಯೂ ಉದ್ದವಾಯಿತು. ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಕಾಯಿದೆ ಬಂದ ಮೇಲೆ ಚಿಕಿತ್ಸಾ ಮನೋವಿಜ್ಞಾನಿ ಎನಿಸಿಕೊಳ್ಳಲು ಪರಿಷತ್ತಿನ ನೋಂದಣಿ ಬೇಕು. ಅದಕ್ಕೆ ಮೂರು ವರ್ಷದ ಪದವಿ, ಎರಡು ವರ್ಷದ ಎಂ.ಎ. ಅಥವಾ ಎಂ.ಎಸ್ಸಿ., ಆ ಮೇಲೆ ಎರಡು ವರ್ಷದ ಎಂ.ಫಿಲ್. ಎಂಬ ಕ್ರಮ ರೂಢಿಗೆ ಬಂತು. ಈ ಏಣಿಯ ಮೆಟ್ಟಿಲುಗಳೂ ಸ್ಥಿರವಲ್ಲ. ಯುಜಿಸಿ 2022ರ ನಿಯಮಗಳಲ್ಲಿ ಎಂ.ಫಿಲ್. ಅನ್ನೇ ಕೈಬಿಟ್ಟಿತು, ಆದರೆ ಈ ವಿಷಯಕ್ಕೆ ಕೆಲವು ವರ್ಷಗಳ ವಿನಾಯಿತಿ ನೀಡಿತು.

ಇಲ್ಲಿ ಇನ್ನೊಬ್ಬ ಕನ್ನಡಿಗರನ್ನು ನೆನೆಯಬೇಕು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲೂ ಮೈಸೂರು ವಿಶ್ವವಿದ್ಯಾನಿಲಯದಲ್ಲೂ ಮನಃಶಾಸ್ತ್ರ ಬೋಧಿಸಿದ ಬಿ. ಕುಪ್ಪುಸ್ವಾಮಿಯವರು ನಗರವಾಸಿ ಕುಟುಂಬಗಳ ಸಾಮಾಜಿಕ-ಆರ್ಥಿಕ ಸ್ಥಿತಿಯನ್ನು ಅಳೆಯಲು ಒಂದು ಮಾಪಕವನ್ನು ರಚಿಸಿದರು. 1976ರ ಅದರ ರೂಪವನ್ನು ಭಾರತದ ವೈದ್ಯಕೀಯ ಕಾಲೇಜುಗಳ ಸಂಶೋಧನೆಗಳಲ್ಲಿ ಇಂದಿಗೂ ಬಳಸುತ್ತಾರೆ. ವಿದ್ಯೆಗೆ 7, ಉದ್ಯೋಗಕ್ಕೆ 10, ಆದಾಯಕ್ಕೆ 12, ಒಟ್ಟು 29 ಅಂಕ. ಬೆಲೆ ಏರಿದಂತೆ ಆದಾಯದ ಅಂಕಣವನ್ನು ಆಗಾಗ ಪರಿಷ್ಕರಿಸುತ್ತಾರೆ.

ನಮ್ಮ ಪ್ರಶ್ನೆಯನ್ನು ಈ ಅಳತೆಗೋಲಿನ ಪಕ್ಕದಲ್ಲಿಟ್ಟು ನೋಡಬಹುದು. ಬಿ.ಎ. ಆದವರಿಗೂ ಎಂ.ಎ. ಆದವರಿಗೂ ವಿದ್ಯೆಯ ಅಂಕ ಒಂದೇ, 6. ಅಂಕ ಜಿಗಿಯುವುದು ಉದ್ಯೋಗದ ಸಾಲಿನಲ್ಲಿ: ಅರೆವೃತ್ತಿಗೆ 6, ಪೂರ್ಣವೃತ್ತಿಗೆ ಒಮ್ಮೆಗೇ 10. ಇದು ಯಾವ ಪದವಿಯನ್ನೂ ಬೆಲೆಕಟ್ಟಲು ಮಾಡಿದ ಮಾಪಕವಲ್ಲ. ಆದರೂ ಮನಃಶಾಸ್ತ್ರದ ಪದವೀಧರರ ಅನುಭವ ಇದಕ್ಕಿಂತ ಬೇರೆಯಲ್ಲ. ಮೊದಲ ಪದವಿ ಜ್ಞಾನವನ್ನು ಕೊಡುತ್ತದೆ, ವೃತ್ತಿಯನ್ನು ಕೊಡುವುದಿಲ್ಲ. ಎರಡನೆಯ ಪದವಿ ಬಾಗಿಲವರೆಗೆ ತರುತ್ತದೆ. ಒಳಗೆ ಬಿಡುವುದು ಅದರಾಚೆಯ ತರಬೇತಿ.

ಆದ್ದರಿಂದ ಖರ್ಚನ್ನು ಶುಲ್ಕದಲ್ಲಷ್ಟೇ ಎಣಿಸಿದರೆ ತಪ್ಪಾಗುತ್ತದೆ. ಸರ್ಕಾರಿ ಕಾಲೇಜಿನಲ್ಲಿ ಶುಲ್ಕ ಹಗುರವೇ ಇರಬಹುದು, ಭಾರವಾದದ್ದು ವರ್ಷಗಳು. ಜೊತೆಗೆ ಓದಿದ ಗೆಳತಿ ನಾಲ್ಕು ವರ್ಷದ ಇಂಜಿನಿಯರಿಂಗ್ ಮುಗಿಸಿ ಸಂಬಳ ತರುವಾಗ ಇವಳಿಗೆ ಇನ್ನೂ ಮೂರು ವರ್ಷದ ಓದು ಬಾಕಿ. ಆ ಮೂರು ವರ್ಷಗಳನ್ನು ಹೊರಬಲ್ಲ ಮನೆಗಳಿಗಷ್ಟೇ ಈ ವೃತ್ತಿ ಎಟುಕುತ್ತದೆ ಎಂಬುದು ಅದರ ದೊಡ್ಡ ಕೊರತೆ.

ಕೆಲಸಕ್ಕೇನೂ ಬರವಿಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ, ಕಾಯಿಲೆಯಿಂದ ಕಾಯಿಲೆಗೆ ವ್ಯತ್ಯಾಸವಿದ್ದರೂ, ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆ ದೊರೆಯುತ್ತಿಲ್ಲ. ಚೆನ್ನೈಯಲ್ಲಿ 1794ರಷ್ಟು ಹಿಂದಕ್ಕೆ ಚರಿತ್ರೆ ಚಾಚಿರುವ ಕಿಲ್ಪಾಕ್‌ನ ಮಾನಸಿಕ ಆಸ್ಪತ್ರೆಯಿದೆ, ಡಾ. ಶಾರದಾ ಮೆನನ್ 1984ರಲ್ಲಿ ಕಟ್ಟಿದ ಸ್ಕಾರ್ಫ್ ಇದೆ. 1993ರಲ್ಲಿ ಹುಟ್ಟಿದ ಬ್ಯಾನಿಯನ್ ಇದೆ. ಆತ್ಮಹತ್ಯೆ ತಡೆಗಾಗಿ 1986ರಿಂದ ದುಡಿಯುತ್ತಿರುವ ಸ್ನೇಹಾದಲ್ಲಿ ನೊಂದವರ ಮಾತಿಗೆ ಕಿವಿಗೊಡುವವರು ಸ್ವಯಂಸೇವಕರು. ಸಮಾಜಕ್ಕೆ ತೀರ ಅಗತ್ಯವಾದ ಕೆಲಸ ಸಂಬಳದ ಕೆಲಸವೇ ಆಗಿರಬೇಕಿಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಡ. ಅಗತ್ಯ ಹುದ್ದೆಯಾಗಬೇಕಾದರೆ ಯಾರೋ ಹಣ ತೊಡಗಿಸಬೇಕು. ಮೈಸೂರಿನಲ್ಲಿ ಅರಸೊತ್ತಿಗೆ ತೊಡಗಿಸಿತು, ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರ ತೊಡಗಿಸಿತು. ಮುದಲಿಯಾರರ ಶಿಫಾರಸಿಗೆ ಸಾಕಷ್ಟು ಹಣ ಬರಲಿಲ್ಲ.

ಹಾಗಾದರೆ ಆ ತಂದೆ ಏನು ಕೇಳಬೇಕು? ಮೂರು ವರ್ಷಕ್ಕೆ ನಿಲ್ಲುವ ಮನಸ್ಸೋ, ಏಳು ವರ್ಷದ ಸಿದ್ಧತೆಯೋ ಎಂದು ಮಗಳನ್ನು ಕೇಳಬೇಕು. ಆ ವರ್ಷಗಳನ್ನು ಹೊರಲು ನನ್ನಿಂದ ಆದೀತೇ ಎಂದು ತನ್ನನ್ನು ಕೇಳಿಕೊಳ್ಳಬೇಕು. ಸೇರುವ ತರಗತಿ ಯಾವ ನೋಂದಣಿಗೆ ದಾರಿಯಾಗುತ್ತದೆ ಎಂದು ಕಾಲೇಜನ್ನು ಕೇಳಬೇಕು.

ಕುಪ್ಪುಸ್ವಾಮಿಯವರ ಮಾಪಕದ ಇನ್ನೊಂದು ಲಕ್ಷಣವನ್ನೂ ಹೇಳಬೇಕು. ಅದು ಎಣಿಸುವುದು ಮನೆಯ ಯಜಮಾನರ ವಿದ್ಯೆ, ಉದ್ಯೋಗಗಳನ್ನು, ಜೊತೆಗೆ ಇಡೀ ಕುಟುಂಬದ ಆದಾಯವನ್ನು. ಅಂದರೆ ತಂದೆಯ ಮನೆಯಲ್ಲಿರುವಷ್ಟು ಕಾಲ ಮಗಳ ಪದವಿಗೆ ಒಂದು ಅಂಕವೂ ಇಲ್ಲ. ಅವಳ ಸಂಬಳ ಮಾತ್ರ ಲೆಕ್ಕಕ್ಕೆ ಬರುತ್ತದೆ. ಪ್ಲಸ್ ಟೂ ಮುಗಿದ ವಾರ ನಮ್ಮ ಮನೆಗಳಲ್ಲಿ ನಡೆಯುವ ಲೆಕ್ಕವೂ ಬಹುಮಟ್ಟಿಗೆ ಇದೇ. ಅವಳೇ ಒಂದು ಮನೆಯ ಯಜಮಾನಿಯಾದ ದಿನ ಆ ಏಳು ವರ್ಷಗಳಿಗೂ ಅಂಕ ಬೀಳುತ್ತದೆ ಎಂಬುದನ್ನು ಆ ಲೆಕ್ಕದಲ್ಲಿ ಸೇರಿಸಿಕೊಳ್ಳುವುದು ನ್ಯಾಯ.