ಹೆಸರಾದವರು: ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಸೀಮೆಯ ಕೀರ್ತಿಯ ಚರಿತ್ರೆ

ಹೊನ್ನಾಳಿ, ನ್ಯಾಮತಿ ಸೀಮೆಯಲ್ಲಿ ಕೀರ್ತಿಗೆ ಸಿಗುವ ಹಳೆಯ ಸಾಕ್ಷಿ ವೀರಗಲ್ಲು. ಬೆಳಗುತ್ತಿಯ ಸಿಂದರು ಆಳುತ್ತಿದ್ದ 12–13ನೇ ಶತಮಾನಗಳಲ್ಲಿ, ತುರುಗಳನ್ನು ಬಿಡಿಸಲು ಹೋಗಿ ಇಲ್ಲವೆ ಊರಿನ ಮೇಲೆ ಬಿದ್ದವರನ್ನು ತಡೆದು ಮಡಿದವರಿಗೆ ಇಂಥ ಕಲ್ಲು ನಿಲ್ಲಿಸುತ್ತಿದ್ದರು. ಕೆಳಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ. ಸಾಮಾನ್ಯ ದನಗಾಹಿಗೂ ಈ ಗೌರವ ಸಿಗಬಹುದಿತ್ತು. ಅದನ್ನು ನೋಡಲು ಅವನೇ ಇರುತ್ತಿರಲಿಲ್ಲ. ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಬಿಡುವ ರೂಢಿಯೂ ಇತ್ತು. ಕೀರ್ತಿಯೆಂದರೆ ಊರು ತೀರಿಸುತ್ತಿದ್ದ ಋಣ. ಹೆಸರು ಅಳಿಸಿಹೋದ ಕಲ್ಲಿನಲ್ಲೂ ಮಾಡಿದ ಕೆಲಸ ಕಾಣುತ್ತದೆ, ಅದೇ ಅದರ ಹಿರಿಮೆ.

ಚನ್ನಗಿರಿ ಕಡೆ ಹೆಸರು ನೀರಿನ ಜೊತೆ ಉಳಿಯಿತು. ಸಂತೇಬೆನ್ನೂರಿನ ಪುಷ್ಕರಣಿಯಿಂದಾಗಿ ಪಾಳೆಯಗಾರ ಹನುಮಂತಪ್ಪ ನಾಯಕನ ನೆನಪಿದೆ. ಸೂಳೆಕೆರೆಯನ್ನು ಕಟ್ಟಿಸಿದವಳು ಶಾಂತವ್ವ ಎಂಬುದು ಐತಿಹ್ಯ. ಕೆರೆಯ ಶಾಂತಿಸಾಗರ ಎಂಬ ಇನ್ನೊಂದು ಹೆಸರನ್ನೂ ಜನ ಅವಳೊಂದಿಗೇ ಸೇರಿಸಿ ಹೇಳುತ್ತಾರೆ.

ಕಲ್ಲು, ಕೆರೆಗಳ ಕೀರ್ತಿ ಇದ್ದಲ್ಲೇ ಇರುತ್ತದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ 1739ರಲ್ಲಿ ಹುಟ್ಟಿದರೆನ್ನುವ ಸಂತ ಸೇವಾಲಾಲರ ಹೆಸರು ಮಾತ್ರ ನಡೆದಾಡಿತು. ದವಸ, ಉಪ್ಪು ಹೇರಿಕೊಂಡು ಊರೂರು ಅಲೆಯುತ್ತಿದ್ದ ಲಂಬಾಣಿಗರ ಹಾಡು, ಭಜನೆಗಳಲ್ಲಿ ಅದು ತಾಂಡಾದಿಂದ ತಾಂಡಾಕ್ಕೆ ಹೋಯಿತು. ಫೆಬ್ರುವರಿಯ ಜಯಂತಿಗೆ ಇಂದಿಗೂ ಹೊರರಾಜ್ಯಗಳ ಭಕ್ತರು ಸೂರಗೊಂಡನಕೊಪ್ಪಕ್ಕೆ ಬರುತ್ತಾರೆ.

ಚುನಾವಣೆಗಳು ಬಂದ ಮೇಲೆ ಬದುಕಿರುವಾಗಲೇ ಹೆಸರಾಗುವ ದಾರಿ ತೆರೆಯಿತು. 1967ರ ಲೋಕಸಭೆಯಲ್ಲಿ ಈ ಸೀಮೆಯ ಇಬ್ಬರು ವಿರೋಧ ಪಕ್ಷದಲ್ಲಿ ಕುಳಿತಿದ್ದರು: ಚಿತ್ರದುರ್ಗದಿಂದ ಗೆದ್ದ ಜಗಳೂರಿನ ಮಹಮ್ಮದ್ ಇಮಾಂ, ಶಿವಮೊಗ್ಗದಿಂದ ಗೆದ್ದ ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲ್. ಆ ಸದನದಲ್ಲಿ ಮೊದಲ ಬಾರಿ ಕನ್ನಡದಲ್ಲಿ ಮಾತಾಡಿದವರು ಪಟೇಲರು. ದೃಶ್ಯ ತೋರಿಸುವ ಟಿವಿ ಹಳ್ಳಿಗಳಲ್ಲಿ ಇರಲಿಲ್ಲ. ಸುದ್ದಿ ಪತ್ರಿಕೆ, ರೇಡಿಯೊಗಳಿಂದ ಬಂದು ಅರಳಿಕಟ್ಟೆಯ ಮಾತಾಗಿ ಬೆಳೆಯಿತು. 1996ರಲ್ಲಿ ಮುಖ್ಯಮಂತ್ರಿಯಾದ ಪಟೇಲರು ಮರುವರ್ಷ ದಾವಣಗೆರೆ ಜಿಲ್ಲೆ ರಚಿಸಿದಾಗ, ಶಿವಮೊಗ್ಗದಲ್ಲಿದ್ದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದಲ್ಲಿದ್ದ ಜಗಳೂರೂ ಒಂದೇ ಜಿಲ್ಲೆಗೆ ಸೇರಿದವು. ನ್ಯಾಮತಿ ಆಗ ಹೊನ್ನಾಳಿಯ ಭಾಗ, ತಾಲ್ಲೂಕಾದದ್ದು ಬಹಳ ಆಮೇಲೆ.

ರಂಗದ ಕೀರ್ತಿಯೂ ಇದೇ ಕಾಲದ್ದು. ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯ ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. ಅಷ್ಟರೊಳಗೆ ಅವರು ರಾತ್ರಿ ರಾತ್ರಿ ಟಿಕೆಟ್ ಕೊಂಡ ಪ್ರೇಕ್ಷಕರೆದುರು ಹೆಸರನ್ನು ಗಳಿಸಿಯಾಗಿತ್ತು.

ಫ್ಲೆಕ್ಸ್ ಮುದ್ರಣ ಬಂದದ್ದೇ ಮೊದಲು ಕೆಲಸ, ಆಮೇಲೆ ಹೆಸರು ಎಂಬ ಈ ಕ್ರಮ ತಿರುವುಮುರುವಾಯಿತು. ಹುಟ್ಟುಹಬ್ಬಕ್ಕೆ ಸರ್ಕಲ್ಲಿನಲ್ಲಿ ಕಟ್ಟುವ ಫ್ಲೆಕ್ಸಿನಲ್ಲಿ ಮುಖವಿದೆ, ಬಿರುದಿದೆ, ಕೆಳಗೆ ಶುಭ ಕೋರುವವರ ಸಾಲು ಸಾಲು ಫೋಟೊಗಳಿವೆ. ಮಾಡಿದ ಕೆಲಸಕ್ಕೆ ಜಾಗವಿಲ್ಲ. ಮೊಬೈಲ್ ಆ ಖರ್ಚನ್ನೂ ಇಳಿಸಿತು. ಯಾರು ಬೇಕಾದರೂ ತಮ್ಮನ್ನು ತಾವೇ ತೋರಿಸಿಕೊಳ್ಳಬಹುದು, ನೋಡಿದವರ ಲೆಕ್ಕ ಕೂಡಲೇ ಸಿಗುತ್ತದೆ. ಊರಿನ ಒಪ್ಪಿಗೆಗೆ ಕಾಯದೆ ಬಡವರ ಮಕ್ಕಳೂ ಹೆಸರಾಗುವಂತಾದದ್ದು ನಿಜವಾದ ಲಾಭ.

ದೀಪಾವಳಿಯ ನಂತರ ಹೊನ್ನಾಳಿ, ನ್ಯಾಮತಿ ಹಳ್ಳಿಗಳಲ್ಲಿ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಹಳೆಯದೂ ಹೊಸದೂ ಒಟ್ಟಿಗೆ ಸಿಗುತ್ತವೆ. ಕೊಬ್ಬರಿ ಹಾರ, ಬಲೂನು ಕಟ್ಟಿದ ಹೋರಿಗೆ ತನ್ನದೇ ಹೆಸರು, ಅಭಿಮಾನಿ ಬಳಗ, ವಿಡಿಯೊ. ಆದರೂ ಕೈಗೆ ಸಿಗದೆ ಓಡಿದ ಹೋರಿಗೇ ಹೆಸರು. ಹೋರಿಯನ್ನು ತಡೆದು ಕೊಬ್ಬರಿ ಕಿತ್ತವನಿದ್ದರೆ ಅವನಿಗೂ ಅಷ್ಟೇ ಹೆಸರು.