ಜ್ವರ ಬಿಟ್ಟ ಮೇಲೆ

2020 ಮತ್ತು 2021ರ ಸಂಜೆಗಳಲ್ಲಿ ನೀವು ಕಾದು ನೋಡುತ್ತಿದ್ದ ಆರೋಗ್ಯ ಇಲಾಖೆಯ ಪಟ್ಟಿಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಹೊಸ ಸೋಂಕಿತರು, ಚಿಕಿತ್ಸೆಯಲ್ಲಿರುವವರು, ಬಿಡುಗಡೆಯಾದವರು, ಮೃತರು ಎಂದು ಅದರಲ್ಲಿ ಕಾಲಂಗಳಿದ್ದವು. ನಮ್ಮ ಕಣ್ಣು ಮೊದಲು ಬೆಳಗಾವಿಯ ಸಾಲನ್ನೇ ಹುಡುಕುತ್ತಿತ್ತು. ಕಡೆಗೆ ಲೆಕ್ಕ ಕೂಡಿಸಿದಾಗ ಕರ್ನಾಟಕದಲ್ಲಿ ಮೃತರಾದವರು ಸುಮಾರು 40 ಸಾವಿರ, ಗುಣಮುಖರಾದವರು ಸುಮಾರು 40 ಲಕ್ಷ. ಈ 40 ಲಕ್ಷದೊಳಗೇ ಇದ್ದು ಗುಣವಾಗದೆ ಉಳಿದವರಿಗೆ ಮಾತ್ರ ಒಂದು ಕಾಲಂ ಇರಲಿಲ್ಲ.

ಇದು ಹೊಸ ಸಂಗತಿಯೇನೂ ಅಲ್ಲ. ರಾಮದುರ್ಗ ತಾಲೂಕಿನ ಕಟಕೋಳದ ಸುತ್ತಿನ ಊರುಗಳೂ ಸೇರಿದ ನಮ್ಮ ಉತ್ತರ ಕರ್ನಾಟಕಕ್ಕೆ ಇದರ ಪರಿಚಯ 2006ರಲ್ಲಿಯೇ ಆಗಿತ್ತು. ಆ ವರ್ಷದ ಚಿಕೂನ್‌ಗುನ್ಯವನ್ನು ಯಾರು ತಾನೇ ಮರೆತಾರು? ದೇಶದಲ್ಲಿ ವರದಿಯಾದ ಸುಮಾರು 13 ಲಕ್ಷ 90 ಸಾವಿರ ಶಂಕಿತ ಪ್ರಕರಣಗಳಲ್ಲಿ 7 ಲಕ್ಷ 52 ಸಾವಿರ ಕರ್ನಾಟಕ ಒಂದರಲ್ಲಿಯೇ ಇದ್ದವು. 1963ರಲ್ಲಿ ಕೋಲ್ಕತ್ತದಲ್ಲಿ, 1973ರಲ್ಲಿ ಮಹಾರಾಷ್ಟ್ರದ ಬಾರ್ಸಿಯಲ್ಲಿ ಕಾಣಿಸಿಕೊಂಡು, ಬಳಿಕ ಮೂರು ದಶಕ ಮರೆಯಾಗಿದ್ದ ರೋಗವದು. ಆದುದರಿಂದ ನಮ್ಮ ವೈದ್ಯರಲ್ಲಿ ಬಹುತೇಕರು ಅದನ್ನು ಮೊದಲು ಕಂಡದ್ದೇ ಆಗ. ನೀರಿನ ಬರವಿರುವ ನಾಡಿನಲ್ಲಿ ಜನರು ತೊಟ್ಟಿ, ಬ್ಯಾರಲ್, ಹಂಡೆಗಳಲ್ಲಿ ನೀರು ತುಂಬಿಡುವುದು ಅನಿವಾರ್ಯ. ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಅಂಥ ತಿಳಿನೀರಿನಲ್ಲಿಯೇ. ನೀರನ್ನು ಜೋಪಾನ ಮಾಡಿದ ಮನೆಗೇ ರೋಗ ಬಂದದ್ದು ವಿಧಿಯ ಅಣಕದಂತಿದೆ.

ಪೂರ್ವ ಆಫ್ರಿಕದ ಮಕೋಂಡೆ ಭಾಷೆಯಲ್ಲಿ ಆ ಹೆಸರಿಗೆ 'ಮೈ ಬಾಗಿಸುವುದು' ಎಂಬ ಅರ್ಥವಿದೆ. ಜ್ವರವೇನೋ ವಾರದೊಳಗೆ ಇಳಿಯಿತು. ಕೀಲುನೋವು ಇಳಿಯಲಿಲ್ಲ. ಹಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯಿತು. ಸುರೇಬಾನದಂಥ ನೇಕಾರರ ಊರಿನಲ್ಲಿ ಬೆರಳ ಗಿಣ್ಣು ಹಿಡಿದುಕೊಂಡರೆ ಮಗ್ಗ ಹೇಗೆ ನಡೆದೀತು? ಕೂಲಿಯವರಿಗೆ ಕುಡಗೋಲು ಹಿಡಿಯುವುದೂ ಅಷ್ಟೇ ಕಷ್ಟ. ಆದರೆ ಸರಕಾರದ ವರದಿಯಲ್ಲಿ ಈ ರೋಗದಿಂದ ಸಾವು ದಾಖಲಾಗಲಿಲ್ಲವಾದ್ದರಿಂದ ಅದು ಹಗುರವಾದ ರೋಗವೆನಿಸಿಕೊಂಡಿತು. ಸಾವಿನಿಂದ ಮಾತ್ರ ರೋಗದ ತೂಕ ನೋಡುವ ಅಭ್ಯಾಸ ನಮ್ಮದು.

ಇನ್ನೂ ಹಿಂದಕ್ಕೆ, 1918ರ ಇನ್‌ಫ್ಲುಯೆಂಜಾಕ್ಕೆ ಹೋದರೂ ಕಾಣುವುದು ಇದೇ. ಆಗ ಬೆಳಗಾವಿ ಮುಂಬಯಿ ಪ್ರಾಂತ್ಯದ ಜಿಲ್ಲೆ. ರಾಮದುರ್ಗ ಬೇರೆ ಸಂಸ್ಥಾನ. ಮಳೆಯೂ ಕೈಕೊಟ್ಟ ವರ್ಷವದು. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ 1911ಕ್ಕಿಂತ ಕಡಿಮೆಯಾಗಿತ್ತು. ಸತ್ತವರ ಗುರುತು ಹಾಗಾದರೂ ಉಳಿಯಿತು. ಬದುಕಿ ಉಳಿದು ಕಸುವು ಕಳೆದುಕೊಂಡವರು ಬದುಕಿದವರ ಲೆಕ್ಕದಲ್ಲಿಯೇ ಕರಗಿಹೋದರು.

ಕೋವಿಡ್ ಕಾಲದಲ್ಲಿ ಒಂದು ವ್ಯತ್ಯಾಸವಾಯಿತು. 2020ರ ಮೇ ತಿಂಗಳಿನ ಕೇಂದ್ರ ಸರಕಾರದ ನಿಯಮದಂತೆ, ಸೌಮ್ಯ ಲಕ್ಷಣಗಳಿದ್ದವರಿಗೆ ರೋಗ ಕಾಣಿಸಿಕೊಂಡು 10 ದಿನ ಕಳೆದು, ಮೂರು ದಿನ ಜ್ವರವಿರದಿದ್ದರೆ ಬಿಡುಗಡೆ. ಹಾಸಿಗೆಗಳ ಕೊರತೆಯಿದ್ದಾಗ ಅದು ಅಗತ್ಯವೇ ಆಗಿತ್ತು, ಅದನ್ನು ದೂರಲಾರೆ. ಅದೇ ತಿಂಗಳಿನಲ್ಲಿ ಇಟಲಿಯ ಪುರಾತತ್ವ ವಿದ್ವಾಂಸೆ ಎಲಿಸಾ ಪೆರೆಗೊ ತಮ್ಮ ಮುಗಿಯದ ಕಾಯಿಲೆಯನ್ನು 'ಲಾಂಗ್ ಕೋವಿಡ್' ಎಂದು ಕರೆದರು. ಈ ಹೆಸರನ್ನು ಕೊಟ್ಟವರು ವೈದ್ಯರಲ್ಲ, ರೋಗಿಗಳು. 2021ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಲಕ್ಷಣ ಹೇಳಿತು: ಸಾಮಾನ್ಯವಾಗಿ ಸೋಂಕಿನ ಮೂರು ತಿಂಗಳ ಬಳಿಕವೂ ಇದ್ದು, ಕನಿಷ್ಠ ಎರಡು ತಿಂಗಳು ಬಾಧಿಸುವ, ಬೇರೆ ಕಾರಣ ಕಾಣದ ತೊಂದರೆ. ಹತ್ತು ದಿನವೆಲ್ಲಿ, ಮೂರು ತಿಂಗಳೆಲ್ಲಿ!

ಆಯಾಸ, ಏದುಸಿರು, ಎದೆಬಡಿತ, ಓದಿದ್ದು ತಲೆಗೆ ಹತ್ತದಿರುವುದು ಇದರ ಮುಖ್ಯ ಲಕ್ಷಣಗಳು. ಕೆಲವರು ಒಂದು ದಿನ ಹೊಲದಲ್ಲಿ ದುಡಿದರೆ ಮರುದಿನ, ಅದರ ಮರುದಿನವೂ ಏಳಲಾರರು. ಅಂಥವರನ್ನು ದುಡಿದರೆ ಸರಿಹೋಗುತ್ತದೆಂದು ಒತ್ತಾಯಿಸಿದರೆ ಕಾಯಿಲೆ ಹೆಚ್ಚುತ್ತದೆ. ಇದೇ ರೋಗವೆಂದು ಖಚಿತಪಡಿಸುವ ಒಂದೇ ಪರೀಕ್ಷೆ ಇಲ್ಲ. ರಕ್ತ, ಎಕ್ಸ್‌ರೇ ಎಲ್ಲ ಸರಿಯಿದ್ದೂ ನರಳುವವರಿದ್ದಾರೆ. ಹಾಗೆಂದು ಎಲ್ಲ ಆಯಾಸವನ್ನೂ ಕೋವಿಡ್ಡಿನ ತಲೆಗೆ ಕಟ್ಟುವಂತಿಲ್ಲ. ಕ್ಷಯ, ಸಕ್ಕರೆ ಕಾಯಿಲೆ, ರಕ್ತಹೀನತೆಗಳು ನಮ್ಮಲ್ಲಿ ಸಾಮಾನ್ಯ, ಅವನ್ನು ಮೊದಲು ಪರೀಕ್ಷಿಸಬೇಕು. "ಜ್ವರಾ ಬಿಟ್ಟೈತಿ, ಮೈಯಾಗ ಕಸುವಿಲ್ಲ" ಎಂದವನಿಗೆ ಮೈಗಳ್ಳನೆಂಬ ಹೆಸರು ಕೊಡುವುದು ಸುಲಭ. ಅದೇ ಮಾತನ್ನು ಸೊಸೆ ಆಡಿದರಂತೂ ಹೇಳುವುದೇ ಬೇಡ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಪಟ್ಟಿಯನ್ನು ಕಾಯುವವರು ಈಗ ಯಾರೂ ಇಲ್ಲ. ನಿಮ್ಮ ಮನೆಯ ಹಿರಿಯ ಹೆಣ್ಣುಮಕ್ಕಳನ್ನು 2006ರ ಬಗ್ಗೆ ಒಮ್ಮೆ ಕೇಳಿ ನೋಡಿ. ಜ್ವರ ಎಷ್ಟು ದಿನ ಇತ್ತೆಂಬುದು ಅವರಿಗೆ ಮರೆತಿರಬಹುದು. ಬೆರಳು ಬಗ್ಗದೆ ರೊಟ್ಟಿ ಬಡಿಯಲಾಗದಿದ್ದ ತಿಂಗಳುಗಳನ್ನು ಒಂದೊಂದಾಗಿ ಎಣಿಸಿ ಹೇಳಿಯಾರು.