ತಪ್ಪು ಕಂಪೈಲರಿನದೋ, ಪ್ರೋಗ್ರಾಮಿನದೋ?

1987ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಜಿಸಿಸಿ ಕಂಪೈಲರನ್ನು ಹೊರತಂದಾಗ ದೋಷ ಕಂಡವರು ಇಮೇಲ್ ಬರೆಯಬೇಕಿತ್ತು. ಊಹೆಗಳನ್ನು ಬದಿಗಿಟ್ಟು ಕಂಡದ್ದನ್ನೆಲ್ಲ ಬರೆಯಿರಿ ಎಂದು ಜಿಸಿಸಿ ಕೈಪಿಡಿ ಬಿಡಿಸಿ ಹೇಳುತ್ತದೆ. ಕೊಟ್ಟ ಪ್ರೋಗ್ರಾಮ್ ಎಷ್ಟೇ ಅಸಂಬದ್ಧವಾಗಿರಲಿ, ಕಂಪೈಲರ್ ಕ್ರ್ಯಾಶ್ ಆದರೆ ತಪ್ಪು ಕಂಪೈಲರಿನದೇ ಎಂಬ ನಿಯಮವೂ ಅಲ್ಲಿದೆ. ಬಗ್ ವರದಿಗಳ ವಿಂಗಡಣೆಗೆ ನಿಜವಾದ ಕಸುಬು ಬೇಕಾದದ್ದು ಈ ನಿಯಮ ಮುಟ್ಟದ ಜಾಗದಲ್ಲಿ. ಕಂಪೈಲರ್ ಸದ್ದಿಲ್ಲದೆ ಕೆಲಸ ಮುಗಿಸಿದೆ, ಆದರೆ ಹೊರಬಂದ ಪ್ರೋಗ್ರಾಮ್ ತಪ್ಪು ಉತ್ತರ ಕೊಡುತ್ತಿದೆ. ಆಗ ಯಾರನ್ನು ದೂರಬೇಕು?

ಮೊದಲು ಬಂದದ್ದು ದಾಖಲೆಯ ಶಿಸ್ತು. ಗ್ನ್ಯಾಟ್ಸ್ ಎಂಬ ವ್ಯವಸ್ಥೆಯಲ್ಲಿದ್ದ ವರದಿಗಳನ್ನು ಜಿಸಿಸಿ 2003ರಲ್ಲಿ ಬಗ್‌ಜಿಲ್ಲಾಕ್ಕೆ ಸಾಗಿಸಿತು. ಹಿಂದಿನ ಆವೃತ್ತಿಯಲ್ಲಿ ನೆಟ್ಟಗಿದ್ದು ಹೊಸದರಲ್ಲಿ ಕೆಟ್ಟದ್ದಕ್ಕೆ 'ರಿಗ್ರೆಶನ್' ಎಂಬ ಗುರುತು ಬೀಳುತ್ತದೆ. ಅದಕ್ಕೆ 'ಪಿ1' ಆದ್ಯತೆ ಸಿಕ್ಕಿತೆಂದರೆ ಬಿಡುಗಡೆಯೇ ನಿಲ್ಲುತ್ತದೆ.

ಆದರೆ ಗುರುತು ಹಚ್ಚಿದ ಮಾತ್ರಕ್ಕೆ ವ್ಯಾಜ್ಯ ಮುಗಿಯುವುದಿಲ್ಲ. 2000ದಲ್ಲಿ ದಾಖಲಾದ 323ನೇ ವರದಿಯನ್ನೇ ನೋಡಿ. ಹಳೆಯ ಇಂಟೆಲ್ ಚಿಪ್ಪುಗಳ ಎಕ್ಸ್87 ಘಟಕ ಫ್ಲೋಟಿಂಗ್ ಪಾಯಿಂಟ್ ಲೆಕ್ಕವನ್ನು 80 ಬಿಟ್‌ಗಳ ರಿಜಿಸ್ಟರಿನಲ್ಲಿ ಮಾಡುತ್ತದೆ. ಅದೇ ಸಂಖ್ಯೆ ಮೆಮೊರಿಗೆ ಇಳಿದಾಗ 64 ಬಿಟ್‌ಗೆ ಮೊಟಕಾಗುತ್ತದೆ. ಯಾವುದು ರಿಜಿಸ್ಟರಿನಲ್ಲಿ ಉಳಿಯಬೇಕು, ಯಾವುದು ಇಳಿಯಬೇಕು ಎಂದು ತೀರ್ಮಾನಿಸುವುದು ಕೋಡನ್ನು ಚುರುಕುಗೊಳಿಸುವ ಕಂಪೈಲರಿನ ಭಾಗವಾದ ಆಪ್ಟಿಮೈಸರ್. ಹಾಗಾಗಿ ಸಮವಾಗಿರಬೇಕಾದ ಎರಡು ಸಂಖ್ಯೆಗಳು ಆಪ್ಟಿಮೈಸೇಶನ್ ಹಾಕಿದೊಡನೆ ಬೇರೆ ಬೇರೆಯಾಗಿ ಕಾಣುತ್ತಿದ್ದವು. ಇದು ಹಾರ್ಡ್‌ವೇರಿನ ಗುಣ, ಬಗ್ ಅಲ್ಲ ಎಂದರು ಕೆಲವರು. ಅದೇ ದೂರು ಹೊಸ ಹೊಸ ವೇಷದಲ್ಲಿ ವರ್ಷಗಟ್ಟಲೆ ಬರುತ್ತಲೇ ಇತ್ತು. ಕೊನೆಗೆ 2010ರ ಜಿಸಿಸಿ 4.5ರಲ್ಲಿ ಸಿ ಭಾಷೆಗೆ, 2023ರ ಜಿಸಿಸಿ 13ರಲ್ಲಿ ಸಿ++ಗೆ ಶಿಸ್ತಿನ ಲೆಕ್ಕದ ಆಯ್ಕೆ ಬಂತು. ಮತ್ತೆ ಮತ್ತೆ ಬರುವ ದೂರನ್ನು 'ಅಸಿಂಧು' ಎಂದು ಮುಚ್ಚುವಾಗ ಕೈ ಸ್ವಲ್ಪ ತಡೆಯಬೇಕು ಎಂದು ನನಗನ್ನಿಸುವುದು ಇಂಥ ಕಡೆ.

ಹಾಗೆಂದು ದೂರುದಾರರೇ ಸದಾ ಸರಿ ಎಂದಲ್ಲ. ಚಿಹ್ನೆಯುಳ್ಳ ಪೂರ್ಣಾಂಕ ಮಿತಿ ಮೀರಿದರೆ ಏನಾಗಬೇಕೆಂದು ಸಿ ಭಾಷೆ ಹೇಳುವುದೇ ಇಲ್ಲ. ಕಂಪೈಲರ್ ಆ ಮೌನವನ್ನು ನಂಬಿ ಕೋಡನ್ನು ಚುರುಕುಗೊಳಿಸುತ್ತದೆ. ಆದ್ದರಿಂದಲೇ ವರದಿ ಬರೆಯುವ ಮುನ್ನ ಕಂಪೈಲರಿನ ಇಂಥ ಊಹೆಗಳನ್ನು ಆಫ್ ಮಾಡಿ ನೋಡಿ, ತೊಂದರೆ ಮಾಯವಾದರೆ ನಿಮ್ಮ ಕೋಡನ್ನೇ ಪರೀಕ್ಷಿಸಿ ಎಂದು ಜಿಸಿಸಿ ಸಲಹೆ ಕೊಡುತ್ತದೆ. 2014ರಲ್ಲಿ ಜಿಸಿಸಿ 4.9ಕ್ಕೆ ಸೇರಿದ 'ಯುಬಿಸ್ಯಾನ್' ಎಂಬ ಸಾಧನ ಈ ಪರೀಕ್ಷೆಯನ್ನು ಬಹುಮಟ್ಟಿಗೆ ಯಂತ್ರಕ್ಕೆ ಒಪ್ಪಿಸಿತು.

ವಿಂಗಡಣೆಯ ಬೆವರೆಲ್ಲ ಹರಿಯುವುದು ವರದಿಯನ್ನು ಕಿರಿದಾಗಿಸುವುದರಲ್ಲಿ. ಸಾವಿರಾರು ಸಾಲಿನ ಪ್ರೋಗ್ರಾಮನ್ನು ಕೇರಿ ಕೇರಿ, ದೋಷ ಹೊತ್ತ ನಾಲ್ಕು ಸಾಲು ಉಳಿಸಬೇಕು. ಆಂಡ್ರಿಯಾಸ್ ಝೆಲ್ಲರ್ ಮತ್ತು ರಾಲ್ಫ್ ಹಿಲ್ಡೆಬ್ರಾಂಟ್ 2002ರ ಪ್ರಬಂಧದಲ್ಲಿ ಇದನ್ನು ಯಂತ್ರದಿಂದ ಮಾಡಿಸಿ, ಜಿಸಿಸಿಯನ್ನು ಕೆಡವುತ್ತಿದ್ದ 755 ಅಕ್ಷರಗಳ ಪ್ರೋಗ್ರಾಮನ್ನು 77ಕ್ಕೆ ಇಳಿಸಿದರು. ಆದರೆ ಕುರುಡಾಗಿ ಕತ್ತರಿಸಿದರೆ ಸರಿಯಿದ್ದ ಪ್ರೋಗ್ರಾಮೇ ತಪ್ಪಾಗಿಬಿಡುತ್ತದೆ, ಆಗ ಸಾಕ್ಷಿಯೇ ಕೆಟ್ಟಂತೆ. ಯೂಟಾ ವಿಶ್ವವಿದ್ಯಾಲಯದ ಜಾನ್ ರೆಗೆರ್ ಮತ್ತು ಸಂಗಡಿಗರ 2012ರ 'ಸಿ-ರೆಡ್ಯೂಸ್' ಸಿ ಭಾಷೆಯ ವ್ಯಾಕರಣ ಬಲ್ಲದು, ಈ ಅಪಾಯವನ್ನೂ ಗಮನದಲ್ಲಿಟ್ಟು ರೂಪುಗೊಂಡದ್ದು. ಇಡೀ ಕ್ಷೇತ್ರದಲ್ಲಿ ಅತಿ ಹೆಚ್ಚು ಮನುಷ್ಯಶ್ರಮ ಉಳಿಸಿದ ಸಾಧನ ಇದೇ ಎಂದು ನನ್ನ ನಂಬಿಕೆ.

ಅಷ್ಟು ಹೊತ್ತಿಗೆ ವರದಿಗಳ ಮಹಾಪೂರವೂ ಬಂದಿತ್ತು. ಅದೇ ಬಳಗದ 'ಸಿಸ್ಮಿತ್' ಯಾದೃಚ್ಛಿಕ ಸಿ ಪ್ರೋಗ್ರಾಮ್‌ಗಳನ್ನು ಹುಟ್ಟಿಸಿ ಮೂರು ವರ್ಷಗಳಲ್ಲಿ 325ಕ್ಕೂ ಹೆಚ್ಚು ಹೊಸ ದೋಷಗಳನ್ನು ಹಿಡಿದಿತ್ತೆಂದು 2011ರ ಪ್ರಬಂಧ ಹೇಳುತ್ತದೆ. ಒಂದೇ ದೋಷ ನೂರು ರೂಪದಲ್ಲಿ ಬಂದರೆ ಗತಿಯೇನು? ಪರಸ್ಪರ ತೀರ ಭಿನ್ನವಾದವು ಮೊದಲು ಕಣ್ಣಿಗೆ ಬೀಳುವಂತೆ ಜೋಡಿಸುವ ದಾರಿಯನ್ನು 2013ರಲ್ಲಿ ಅವರೇ ತೋರಿದರು.

ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರನ್ನು ಒಳಗೊಂಡ ಎಲ್‌ಎಲ್‌ವಿಎಂ ಯೋಜನೆ 2021ರ ಕೊನೆಗೆ ಹಳೆಯ ವರದಿಗಳ ಸಮೇತ ಬಗ್‌ಜಿಲ್ಲಾದಿಂದ ಗಿಟ್‌ಹಬ್‌ಗೆ ಹೋಯಿತು. ಮನೆ ಬದಲಾದರೂ ಕೆಲಸ ಅದೇ. ದೃಢಪಡದ ವರದಿಯನ್ನು ಎತ್ತಿಕೊಳ್ಳಬೇಕು, ಇತ್ತೀಚಿನ ಕಂಪೈಲರಿನಲ್ಲಿ ಓಡಿಸಬೇಕು, ಸಾವಿರ ಬದಲಾವಣೆಗಳಿದ್ದರೆ ಅರ್ಧರ್ಧ ಮಾಡುತ್ತ ಸುಮಾರು ಹತ್ತು ಪ್ರಯತ್ನದಲ್ಲಿ ಕೆಡಿಸಿದ್ದನ್ನು ಪತ್ತೆಹಚ್ಚಬೇಕು, ಅದನ್ನು ಬರೆದವರನ್ನು ವರದಿಗೆ ಕರೆತರಬೇಕು. ಆಮೇಲೆ ಪಟ್ಟಿಯಲ್ಲಿನ ಮುಂದಿನ ವರದಿ.